ಸೊರ್ಕು, ಅಮಲು, ಪ್ರಮಾದ: ಸಗರನಾಡಿನ ಮದವಾಚಕ ಶಬ್ದಗಳ ವಿಚಾರ

೧

ಶ್ರಾವಕನ ಅಷ್ಟಮೂಲಗುಣಗಳಲ್ಲಿ ಮದ್ಯತ್ಯಾಗವು ಸೇರಿದೆಯೆಂಬುದು ವಿದ್ವಾಂಸರಿಗೆಲ್ಲ ವಿದಿತವಾದ ಸಂಗತಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಪಂಚಾಣುವ್ರತಗಳೊಡನೆ ಕೂಡಿಸಿ ಎಂಟು ಮೂಲಗುಣಗಳನ್ನು ಹೇಳಿದರು. ಸೋಮದೇವಸೂರಿ, ಅಮೃತಚಂದ್ರಸೂರಿ ಮೊದಲಾದವರು ಅಣುವ್ರತಗಳ ಸ್ಥಾನದಲ್ಲಿ ಪಂಚೋದುಂಬರ ಫಲಗಳ ತ್ಯಾಗವನ್ನು ಇರಿಸಿದರು. ಉಳಿದ ಐದರಲ್ಲಿ ಮತಭೇದವಿದ್ದರೂ ಮೂರು ಮಕಾರಗಳಲ್ಲಿ ಭೇದವಿಲ್ಲ. ಆದರೆ 'ಮದ್ಯ'ವೆಂಬ ಶಬ್ದದ ವ್ಯಾಪ್ತಿ ಎಷ್ಟು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಆ ಪ್ರಶ್ನೆ ನನಗೆ ಗ್ರಂಥದಿಂದ ಬಂದುದಲ್ಲ, ಯಾದಗಿರಿಯ ಒಂದು ಮನೆಯ ಪಡಸಾಲೆಯಲ್ಲಿ ಬಂತು.

ಕೆಲವು ವರ್ಷಗಳ ಹಿಂದೆ ಕೈಬರಹದ ಕಟ್ಟುಗಳನ್ನು ನೋಡಲು ಅಲ್ಲಿಗೆ ಹೋಗಿದ್ದಾಗ ಆ ಮನೆಯ ತರುಣನು, "ಪಂಡಿತ್ರೇ, ನಾ ಶೆರೆ ಮುಟ್ಟಾಂಗಿಲ್ರಿ, ವ್ರತ ಹಿಡದೀನಿ. ಆದ್ರ ಗಾಂಜಾ, ಅಫೀಮು ಇವೆಲ್ಲ ಕುಡಿಯೂವಲ್ಲಲ್ರಿ. ಅವೂ ಮದ್ಯದಾಗ ಬರ್ತಾವೇನ್ರಿ?" ಎಂದು ಕೇಳಿದನು. ನಾನು ಶಾಸ್ತ್ರವಾಕ್ಯವನ್ನು ನೆನಪಿಗೆ ತಂದುಕೊಳ್ಳುತ್ತಿದ್ದಂತೆಯೇ ಒಳಗಿನಿಂದ ಅವನ ಅಜ್ಜಿ, "ಅಮಲು ಬರೂದು ಯಾವ್ದೂ ಬ್ಯಾಡ ಅಂತ ತಿಳಕೋ ಯಪ್ಪಾ, ಅಷ್ಟಾದ್ರ ಆಯ್ತು" ಎಂದರು. ಪ್ರಶ್ನೆ ಅಲ್ಲಿಗೆ ಮುಗಿಯಿತು. ನನಗೆ ಮಾತ್ರ ಅಲ್ಲಿಂದ ಪ್ರಾರಂಭವಾಯಿತು. ಆಚಾರ್ಯರು ಬಳಸಿದ ತತ್ಸಮ ಶಬ್ದವು ಆ ತರುಣನ ಕಿವಿಯಲ್ಲಿ ಒಂದು ಪಾನೀಯದ ಹೆಸರಾಗಿ ಸಂಕುಚಿತವಾಗಿತ್ತು. ಅರಬ್ಬಿಯಿಂದ ಬಂದ, ಕೋಶಗಳಲ್ಲಿ ಗ್ರಾಮ್ಯವೆನ್ನಿಸಿಕೊಳ್ಳುವ ಶಬ್ದವು ಅಜ್ಜಿಯ ಬಾಯಲ್ಲಿ ಆಚಾರ್ಯರ ಅಭಿಪ್ರಾಯವನ್ನು ಪೂರ್ಣವಾಗಿ ಹೇಳಿತ್ತು. ಇದು ಹೇಗಾಯಿತೆಂಬುದನ್ನು ವಿಚಾರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಮೊದಲು ಸಂಸ್ಕೃತ ಮೂಲವನ್ನು ನೋಡಬಹುದು. ಮದ, ಮತ್ತ, ಮದ್ಯ, ಮದಿರಾ, ಮದನ, ಉನ್ಮಾದ, ಪ್ರಮಾದ ಇವೆಲ್ಲ ಒಂದೇ ಧಾತುವಿನ ಸಂತಾನ. ಧಾತುಪಾಠಕಾರರು ಆ ಧಾತುವಿಗೆ ಹರ್ಷವೆಂಬ ಅರ್ಥವನ್ನು ಕೊಟ್ಟಿದ್ದಾರೆ. ಆದುದರಿಂದ ಮೂಲದಲ್ಲಿ ಇದು ಪಾನದ ಹೆಸರಲ್ಲ, ಉಕ್ಕೇರಿದ ಚಿತ್ತವೃತ್ತಿಯ ಹೆಸರು. ಆ ಸ್ಥಿತಿಯನ್ನು ತರುವ ವಸ್ತುವಿಗೆ ಅನಂತರ ಅದರಿಂದಲೇ ಹೆಸರಾಯಿತು. ಮಧು ಶಬ್ದವು ಇದರೊಡನೆ ಪ್ರಾಸಬದ್ಧವಾಗಿ ಬರುವುದಾದರೂ ಬೇರೆಯೇ ಮೂಲದ್ದು. ಕಾವ್ಯಗಳಲ್ಲಿ ಅದಕ್ಕೆ ಜೇನು, ಮದ್ಯ ಎಂಬೆರಡು ಅರ್ಥಗಳೂ ಇರುವುದರಿಂದ ಪ್ರಕರಣವನ್ನು ನೋಡಿಯೇ ನಿರ್ಣಯಿಸಬೇಕು.

ಜೈನಾಚಾರ್ಯರು ಈ ವಂಶದ ಮಾತುಗಳನ್ನು ಎಷ್ಟು ಎಚ್ಚರದಿಂದ ಬಳಸಿದ್ದಾರೆಂಬುದು ಗಮನಾರ್ಹ. ತ್ರಸಜೀವಿಗಳ ಘಾತವನ್ನು ತಪ್ಪಿಸಲು ಮಾಂಸವನ್ನೂ ಮಧುವನ್ನೂ ಬಿಡಬೇಕು, ಪ್ರಮಾದವನ್ನು ತಪ್ಪಿಸಲು ಮದ್ಯವನ್ನು ಬಿಡಬೇಕು ಎಂದು ಸಮಂತಭದ್ರರು ಕಾರಣವನ್ನು ವಿಂಗಡಿಸಿ ಹೇಳುತ್ತಾರೆ. ಅಂದರೆ ಮದ್ಯನಿಷೇಧದ ಕಾರಣವು ದ್ರವದಲ್ಲಿಲ್ಲ, ಅದು ತರುವ ಪ್ರಮಾದದಲ್ಲಿದೆ. ಅಮೃತಚಂದ್ರರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಈ ಕಾರಣಸರಣಿಯನ್ನು ಬಿಡಿಸುತ್ತಾರೆ: ಮದ್ಯವು ಮನಸ್ಸನ್ನು ಮೋಹಗೊಳಿಸುತ್ತದೆ, ಮೋಹಿತಚಿತ್ತನು ಧರ್ಮವನ್ನು ಮರೆಯುತ್ತಾನೆ, ಧರ್ಮವನ್ನು ಮರೆತವನು ಶಂಕೆಯಿಲ್ಲದೆ ಹಿಂಸೆಯನ್ನು ಆಚರಿಸುತ್ತಾನೆ. ಮದ್ಯವು ರಸದಲ್ಲಿ ಹುಟ್ಟುವ ಅನೇಕ ಜೀವಿಗಳ ಯೋನಿಯೆಂಬ ಮಾತನ್ನೂ ಅವರು ಸೇರಿಸುತ್ತಾರೆ.

ಇದಕ್ಕಿಂತ ಆಳವಾದುದು ಕರ್ಮಸಿದ್ಧಾಂತದ ಉಪಮಾನ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಕರ್ಮಕಾಂಡದಲ್ಲಿ ಎಂಟು ಕರ್ಮಗಳಿಗೆ ಎಂಟು ದೃಷ್ಟಾಂತಗಳನ್ನು ಕೊಡುತ್ತಾರೆ. ಜ್ಞಾನಾವರಣೀಯಕ್ಕೆ ತೆರೆ, ದರ್ಶನಾವರಣೀಯಕ್ಕೆ ದ್ವಾರಪಾಲಕ, ವೇದನೀಯಕ್ಕೆ ಜೇನು ಸವರಿದ ಖಡ್ಗ. ಮೋಹನೀಯಕ್ಕೆ ಮದ್ಯವೇ ದೃಷ್ಟಾಂತ. ಎಂಟರಲ್ಲಿ ಬಲಿಷ್ಠವಾದ ಕರ್ಮಕ್ಕೆ ಆಚಾರ್ಯರು ಆರಿಸಿದ ಹೋಲಿಕೆ ಇದು. ಮಿಥ್ಯಾದೃಷ್ಟಿಯ ಜ್ಞಾನವನ್ನು ತತ್ತ್ವಾರ್ಥಸೂತ್ರವು ಉನ್ಮತ್ತನ ಜ್ಞಾನಕ್ಕೆ ಹೋಲಿಸುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುತ್ತ, ಪಿತ್ತ ಕೆರಳಿದವನು ತಾಯಿಯನ್ನು ಹೆಂಡತಿಯೆಂದೂ ಹೆಂಡತಿಯನ್ನು ತಾಯಿಯೆಂದೂ ಬಗೆಯುವುದನ್ನು ಉದಾಹರಿಸುತ್ತಾರೆ. ಗುಣಸ್ಥಾನಗಳ ಪೈಕಿ ಆರನೆಯದು ಪ್ರಮತ್ತಸಂಯತ, ಏಳನೆಯದು ಅಪ್ರಮತ್ತಸಂಯತ. ನಾಲ್ಕು ವಿಕಥೆ, ನಾಲ್ಕು ಕಷಾಯ, ಐದು ಇಂದ್ರಿಯ, ನಿದ್ರೆ, ಪ್ರಣಯ ಎಂದು ಪ್ರಮಾದಗಳು ಹದಿನೈದು. ಒಂದು ಹನಿ ಮದ್ಯವನ್ನೂ ಕಾಣದ ಮಹಾವ್ರತಿಯನ್ನು ಸಹ ಶಾಸ್ತ್ರವು 'ಪ್ರಮತ್ತ'ನೆಂದು ಕರೆಯಲು ಹಿಂಜರಿಯುವುದಿಲ್ಲ.

೩

ಶಬ್ದದ ವ್ಯಾಪ್ತಿಯ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡವರು ಆದಿಪುರಾಣಕಾರರಾದ ಭಗವಜ್ಜಿನಸೇನರು. ಇವರು ರಾಷ್ಟ್ರಕೂಟ ಅಮೋಘವರ್ಷನ ಗುರುಗಳು. ಆ ದೊರೆಯ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ, ಕಾಗಿಣಾ ನದಿಯ ದಡದಲ್ಲಿ, ನಮ್ಮ ಯಾದಗಿರಿಗೆ ಸಮೀಪದಲ್ಲಿಯೇ ಇದೆ.

ಭೋಗಭೂಮಿಯ ದಶವಿಧ ಕಲ್ಪವೃಕ್ಷಗಳಲ್ಲಿ ಮದ್ಯಾಂಗವೆಂಬುದೊಂದು. ಅದು ಬಗೆಬಗೆಯ ಪಾನರಸಗಳನ್ನು ಕೊಡುತ್ತದೆ. ಪುಣ್ಯಫಲವಾದ ಭೋಗಭೂಮಿಯಲ್ಲಿ ಮದ್ಯವುಂಟೇ ಎಂಬ ಆಕ್ಷೇಪವು ಓದುಗನಿಗೆ ಸಹಜವಾಗಿ ಹುಟ್ಟುವಂಥದು. ಜಿನಸೇನರ ಸಮಾಧಾನ ಹೀಗಿದೆ: ಅದು ವೃಕ್ಷದಿಂದ ಒಸರುವ ಒಂದು ರಸವಿಶೇಷ, ಕಾಮೋದ್ದೀಪನವೆಂಬ ಸಮಾನಧರ್ಮವಿರುವುದರಿಂದ ಉಪಚಾರವಾಗಿ ಮಾತ್ರ ಅದಕ್ಕೆ ಮದ್ಯವೆಂಬ ಹೆಸರು. ಕುಡುಕರು ಆದರಿಸುವ, ಮದವನ್ನುಂಟುಮಾಡುವ, ಅಂತಃಕರಣಕ್ಕೆ ಮೋಹವನ್ನು ತರುವ ವಸ್ತು ಬೇರೆ. ಅದು ಆರ್ಯರಿಗೆ ವರ್ಜ್ಯ. ಇಲ್ಲಿ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮದಕ್ಕೆ ಕರಣವಾದುದೇ ಮದ್ಯವೆಂಬ ಲಕ್ಷಣವನ್ನು ಅವರು ಕೊಟ್ಟಿರುವುದರಿಂದ ಕುಡಿಯುವ ವಸ್ತುವಾಗಿರಬೇಕೆಂಬ ನಿಯಮವಿಲ್ಲ; ಹೊಗೆ, ಗುಳಿಗೆ, ಎಲೆ ಯಾವುದಾದರೂ ಆ ಲಕ್ಷಣಕ್ಕೆ ಒಳಪಟ್ಟರೆ ಮದ್ಯವೇ. ಎರಡನೆಯದಾಗಿ, ಹೆಸರು ಒಂದೇ ಆದ ಮಾತ್ರಕ್ಕೆ ವಸ್ತು ಒಂದೇ ಆಗುವುದಿಲ್ಲ, ಹೆಸರು ಬೇರೆಯಾದ ಮಾತ್ರಕ್ಕೆ ವಸ್ತು ಬೇರೆಯೂ ಆಗುವುದಿಲ್ಲ. ಯಾದಗಿರಿಯ ತರುಣನ ಪ್ರಶ್ನೆಗೆ ಉತ್ತರವು ಹನ್ನೊಂದು ಶತಮಾನಗಳ ಹಿಂದೆಯೇ ಸಿದ್ಧವಾಗಿತ್ತು.

ಈ ಜಿನಸೇನರಿಗಿಂತ ಭಿನ್ನರಾದ ಪುನ್ನಾಟಸಂಘದ ಜಿನಸೇನರು ಕ್ರಿ.ಶ. ೭೮೩ರಲ್ಲಿ ಹರಿವಂಶಪುರಾಣವನ್ನು ರಚಿಸಿದರು. ದ್ವಾರವತಿಯ ನಾಶಕ್ಕೆ ಮದ್ಯವು ನಿಮಿತ್ತವಾಗುವುದೆಂದು ನೇಮಿ ತೀರ್ಥಂಕರರಿಂದ ತಿಳಿದು ಪುರದ ಮದ್ಯವನ್ನೆಲ್ಲ ಹೊರಗೆ ಚೆಲ್ಲಿಸಿದರೂ, ಬಾಯಾರಿದ ಯಾದವಕುಮಾರರು ಕದಂಬವನದಲ್ಲಿ ನಿಂತಿದ್ದ ಆ ಹಳೆಯ ಮದ್ಯವನ್ನೇ ಕುಡಿದು ದ್ವೈಪಾಯನ ಮುನಿಯನ್ನು ಪೀಡಿಸಿದ ಕಥೆ ಅಲ್ಲಿದೆ. ಕರ್ಣಪಾರ್ಯನೇ ಮೊದಲಾದ ನಮ್ಮ ನೇಮಿಪುರಾಣಕಾರರ ಮೂಲಕ ಅದು ಕನ್ನಡಿಗರಿಗೂ ಪರಿಚಿತ. ಚೆಲ್ಲಿದ ಮಾತ್ರಕ್ಕೆ ಮದ್ಯದ ಶಕ್ತಿ ಅಳಿಯಲಿಲ್ಲವೆಂಬುದು ಅದರ ತಾತ್ಪರ್ಯ.

೪

ಇನ್ನು ದೇಶ್ಯಶಬ್ದಗಳ ಕಡೆಗೆ ಬರೋಣ. ಹಳಗನ್ನಡದಲ್ಲಿ ಮದಕ್ಕೆ ಅಚ್ಚಗನ್ನಡ ಶಬ್ದ 'ಸೊರ್ಕು'. ಮದವೇರಿದ ಆನೆ ಸೊರ್ಕಾನೆ. ಕರ್ಚು ಎಂಬುದು ಕಚ್ಚು ಎಂದೂ, ಪೆರ್ಚು ಎಂಬುದು ಹೆಚ್ಚು ಎಂದೂ ಆದ ಕ್ರಮದಲ್ಲಿಯೇ ಸೊರ್ಕು ಸೊಕ್ಕು ಆಯಿತು. ತೆಲುಗಿನ ಸೊಕ್ಕು, ತಮಿಳಿನ ಚೊಕ್ಕು ಇದರ ಜ್ಞಾತಿಶಬ್ದಗಳು. ಅಲ್ಲಿ ಮೈಮರೆಯುವುದು, ಮೋಹಗೊಳ್ಳುವುದು ಎಂಬ ಅರ್ಥಗಳು ಉಳಿದಿವೆ. ಕನ್ನಡದಲ್ಲಿ ಸೊಕ್ಕು ಇಂದು ಗರ್ವಕ್ಕೆ ಹೆಸರಾಗಿದೆ.

ಈ ಅರ್ಥಪಲ್ಲಟವು ಆಕಸ್ಮಿಕವಲ್ಲ. ಸಂಸ್ಕೃತದ ಮದ ಶಬ್ದವೂ ಇದೇ ದಾರಿಯಲ್ಲಿ ನಡೆದಿದೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ವಪು ಇವುಗಳನ್ನು ಆಶ್ರಯಿಸಿದ ಅಷ್ಟಮದಗಳನ್ನು ಸಮ್ಯಗ್ದರ್ಶನದ ದೋಷಗಳೆಂದು ಸಮಂತಭದ್ರರು ಎಣಿಸುವಾಗ ಮದವು ಪಾನದ ಸಂಬಂಧವನ್ನು ಪೂರ್ಣವಾಗಿ ಕಳೆದುಕೊಂಡು ಅಹಂಕಾರವಾಗಿದೆ. ಕುಡಿಯದವನಿಗೂ ಏರುವ ಮದವೊಂದುಂಟೆಂಬ ತಿಳಿವಳಿಕೆ ಎರಡು ಭಾಷೆಗಳಲ್ಲಿಯೂ ಶಬ್ದದೊಳಗೆ ಸೇರಿಕೊಂಡಿತು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಹಿಂದೆ, ವಯಸ್ಸು ಚಿಕ್ಕದಿದ್ದಾಗ, ಒಂದು ಶ್ರಾವಕಾಚಾರದ ಕನ್ನಡ ಟೀಕೆಯ ತಾಳೆಗರಿಯನ್ನು ಪ್ರತಿಮಾಡುತ್ತಿದ್ದೆನು. ಮದ್ಯದ ಪ್ರಕರಣದಲ್ಲಿ 'ಸೊಕ್ಕು' ಎಂಬ ಪಾಠ ಕಂಡಿತು. ಗರ್ವವಾಚಕ ಶಬ್ದಕ್ಕೆ ಇಲ್ಲೇನು ಕೆಲಸ, ಲಿಪಿಕಾರನು ಅಷ್ಟಮದಗಳ ಪ್ರಕರಣದಿಂದ ಪ್ರಮಾದವಶನಾಗಿ ತಂದಿರಬೇಕು ಎಂದು ನಿಶ್ಚಯಿಸಿ, ಮೂಲದಲ್ಲಿ 'ಮದ'ವೆಂದು ತಿದ್ದಿದೆನು. ಪಾಠಾಂತರವನ್ನು ಅಡಿಯಲ್ಲಿ ಸೂಚಿಸುವ ಶ್ರದ್ಧೆಯೂ ಆಗ ಇರಲಿಲ್ಲ. ಬಹುಕಾಲದ ಮೇಲೆ ಶಹಾಪುರದ ಸಂತೆಯಲ್ಲಿ ಎಲೆಯಡಿಕೆ ಮೆಲ್ಲುತ್ತಿದ್ದ ಒಬ್ಬ ವೃದ್ಧರು ಹಣೆಯ ಬೆವರನ್ನು ಒರೆಸಿಕೊಳ್ಳುತ್ತ, "ಅಡಕಿ ಸೊಕ್ಕ್ಯಾದ, ಜರಾ ಕೂಡ್ತೀನಿ ತಡೀರಿ" ಎಂದಾಗ ನನಗೆ ನಾಚಿಕೆಯಾಯಿತು. ಸೊರ್ಕಿನ ಮೂಲಾರ್ಥವು ಅಡಿಕೆಯ ವಿಷಯದಲ್ಲಿ ಜೀವಂತವಾಗಿಯೇ ಇತ್ತು. ಲಿಪಿಕಾರನಿಗೆ ತಿಳಿದಿದ್ದುದು ಸಂಪಾದಕನಿಗೆ ತಿಳಿದಿರಲಿಲ್ಲ. ಪ್ರಮಾದವಶನಾದವನು ಅವನಲ್ಲ, ನಾನು.

ಈ ವರ್ಗದ ಶಬ್ದಗಳಲ್ಲಿ ಪಾಠನಿರ್ಣಯವು ವಿಶೇಷವಾಗಿ ಕಠಿಣ. ತಾಳೆಗರಿಯಲ್ಲಿ ಪದವಿಚ್ಛೇದವಿಲ್ಲ; ಎಕಾರ ಒಕಾರಗಳ ಹ್ರಸ್ವದೀರ್ಘಭೇದ ಕಾಣುವುದಿಲ್ಲ; ಮಹಾಪ್ರಾಣದ ಗುರುತು ಎಷ್ಟೋ ಕಡೆ ಬಿಟ್ಟುಹೋಗಿರುತ್ತದೆ. 'ಮತ್ತಂ' ಎಂದು ಬರೆದಿದ್ದರೆ ಅದು 'ಮತ್ತೆಯೂ' ಎಂಬ ಅವ್ಯಯವೋ, ಮದವೇರಿದವನು ಎಂಬ ಪ್ರಥಮಾಂತ ನಾಮಪದವೋ ಎಂಬುದನ್ನು ವಾಕ್ಯವೇ ಹೇಳಬೇಕು. 'ಕಳ್' ಎಂಬುದು ಹೆಂಡಕ್ಕೂ ಕದಿಯುವುದಕ್ಕೂ ಒಂದೇ ರೂಪ. ಮದು ಎಂದಿದ್ದರೆ ಮಧುವೆಂದು ಓದಬೇಕಾಗುವ ಸಂದರ್ಭಗಳು ಕಡಮೆಯಲ್ಲ. ಇಂಥ ಕಡೆಗಳಲ್ಲಿ ಕೋಶದಷ್ಟೇ ಆಡುನುಡಿಯೂ ಪ್ರಮಾಣವೆಂಬುದನ್ನು ನಾನು ತಡವಾಗಿ ಕಲಿತೆನು.

೫

ಆಡುನುಡಿಗೆ ಬಂದರೆ ಸಗರನಾಡಿನ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕು. ಸುರಪುರದ ಕಡೆಯ ಏವೂರಿನಲ್ಲಿರುವ ಕ್ರಿ.ಶ. ೧೦೭೭ರ ಚಾಲುಕ್ಯ ವಿಕ್ರಮಾದಿತ್ಯನ ಶಾಸನವು ಈ ನೆಲದ ಪ್ರಾಚೀನತೆಯನ್ನು ಸಾರುತ್ತದೆ. ೧೩೪೭ರಲ್ಲಿ ಕಲಬುರ್ಗಿಯಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾದ ಮೇಲೆ ಇಲ್ಲಿ ಪಾರಸಿಯು ಆಡಳಿತದ ಭಾಷೆಯಾಯಿತು. ಶಹಾಪುರ ತಾಲೂಕಿನ ಸಗರವು ಆ ಕಾಲದಲ್ಲಿ ಪ್ರಮುಖ ಠಾಣ್ಯ. ಅದಕ್ಕೆ ನುಸ್ರತಾಬಾದ್ ಎಂಬ ಹೆಸರೂ ಇದ್ದಿತು. ಸುರಪುರದ ನಾಯಕರ ಸಂಸ್ಥಾನವು ೧೮೫೮ರ ಬಂಡಾಯದ ತರುವಾಯ ಕೊನೆಗೊಂಡು ನಿಜಾಮನ ಅಧೀನಕ್ಕೆ ಬಂದಿತು. ೧೯೪೮ರ ವರೆಗೆ ಈ ಸೀಮೆಯ ಕಚೇರಿಗಳಲ್ಲಿ ಪಾರಸಿ, ಆಮೇಲೆ ಉರ್ದು ನಡೆದುವು. ಹೀಗಾಗಿ ಮದವಾಚಕಗಳು ಎರಡು ಬಾಗಿಲುಗಳಿಂದ ಒಳಬಂದುವು. ಒಂದು ಕಚೇರಿಯ ಬಾಗಿಲು, ಇನ್ನೊಂದು ದರ್ಗಾದ ಬಾಗಿಲು.

ಕಚೇರಿಯ ಬಾಗಿಲಿನಿಂದ ಬಂದುದು 'ಅಮಲು'. ಅರಬ್ಬಿಯಲ್ಲಿ ಅಮಲ್ ಎಂದರೆ ಕ್ರಿಯೆ, ಕೆಲಸ. ಅದರಿಂದ ಅಧಿಕಾರ ನಡೆಸುವುದು ಎಂಬ ಅರ್ಥ ಹುಟ್ಟಿ ಅಮಲುದಾರ, ಅಮಲುಬಜಾವಣಿ ಮುಂತಾದುವು ನಮ್ಮಲ್ಲಿ ನೆಲೆಸಿದುವು. ಔಷಧವು ಮೈಯಲ್ಲಿ ನಡೆಸುವ ಕ್ರಿಯೆ, ಅದರ ಪರಿಣಾಮ ಎಂಬ ಅರ್ಥದಿಂದ ಮತ್ತು ಎಂಬ ಅರ್ಥ ಬಂದಿತು. ಒಂದೇ ಶಬ್ದವು ಊರನ್ನು ಆಳುವ ದೊರೆತನಕ್ಕೂ ಮೈಯನ್ನು ಆಳುವ ಮದಕ್ಕೂ ಹೆಸರಾದುದು ಅರ್ಥಪೂರ್ಣವಾಗಿದೆ. ಅಜ್ಜಿಯ ಮಾತಿನ ಬಲ ಇಲ್ಲಿದೆ. ಅಮಲು ವಸ್ತುವಿನ ಹೆಸರಲ್ಲ, ಪರಿಣಾಮದ ಹೆಸರು. ಆದುದರಿಂದಲೇ ಅದು ಜಿನಸೇನರ ಲಕ್ಷಣಕ್ಕೆ ಸರಿಯಾಗಿ ಹೊಂದುತ್ತದೆ.

'ಕೈಫು' ಎಂಬುದೂ ಹೀಗೆಯೇ. ಅರಬ್ಬಿಯ ಕೈಫ್ ಎಂದರೆ 'ಹೇಗೆ' ಎಂಬ ಪ್ರಶ್ನೆ. ಅದರಿಂದ ಸ್ಥಿತಿ, ಅದರಿಂದ ಸುಖದ ಸ್ಥಿತಿ, ಕೊನೆಗೆ ಮತ್ತು. ಊರೂರಿನ ಸ್ಥಿತಿಗತಿಗಳನ್ನು ಬರೆಯಿಸಿ ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳು ಇದೇ ಮೂಲದವು. ಕೈಬರಹಗಳನ್ನು ನೋಡುವ ನಮ್ಮಂಥವರು ನಿತ್ಯ ಬಳಸುವ ಶಬ್ದವು ಹೆಂಡದಂಗಡಿಯ ಶಬ್ದಕ್ಕೆ ಸಹೋದರನೆಂಬುದು ವಿನೋದದ ಸಂಗತಿ. ಆಡುನುಡಿಯಲ್ಲಿ ಇದು ಕೈಪು ಎಂದು ಅಲ್ಪಪ್ರಾಣವಾದಾಗ ಕಹಿಯೆಂಬ ಅರ್ಥದ ಹಳಗನ್ನಡ ಕಯ್ಪಿನೊಡನೆ ಬೆರೆಯುತ್ತದೆ. ಇತ್ತೀಚಿನ ಶತಮಾನಗಳ ಕಾಗದದ ಪ್ರತಿಗಳನ್ನು ಓದುವವರು ಎಚ್ಚರದಿಂದಿರಬೇಕು.

ಸರಕಾರದ 'ಅಬಕಾರಿ' ಶಬ್ದದ ಮೊದಲ ಭಾಗ ಪಾರಸಿಯ ಆಬ್, ಅಂದರೆ ನೀರು. ಮದ್ಯದ ತೆರಿಗೆಯನ್ನು ನೋಡುವ ಇಲಾಖೆ ಇಂದಿಗೂ ನೀರಿನ ಹೆಸರನ್ನು ಹೊತ್ತಿದೆ. ಈಚಲುಮರದ ಹೆಂಡಕ್ಕೆ ಈ ಸೀಮೆಯಲ್ಲಿ ಹೇಳುವ ಸಿಂದಿ ಎಂಬುದು ಆ ಮರದ ಹೆಸರೇ. ೨೦೦೭ರ ಜುಲೈ ೧ರಿಂದ ರಾಜ್ಯದಲ್ಲಿ ಸಾರಾಯಿ ನಿಷಿದ್ಧವಾಯಿತು. ಶಬ್ದ ಮಾತ್ರ ನಿಂತಿಲ್ಲ.

ದರ್ಗಾದ ಬಾಗಿಲಿನಿಂದ ಬಂದುದು 'ಮಸ್ತು'. ಸಗರದಲ್ಲಿ ಸೂಫಿ ಸರಮಸ್ತ್ ಎಂಬ ಸಂತರ ಪ್ರಸಿದ್ಧ ದರ್ಗಾ ಇದೆ. ಪರಂಪರೆಯು ಅವರನ್ನು ೧೩ನೆಯ ಶತಮಾನಕ್ಕೆ ಸೇರಿಸುತ್ತದೆ. ಸರ್ ಎಂದರೆ ತಲೆ, ಮಸ್ತ್ ಎಂದರೆ ಮತ್ತ; ದೈವಪ್ರೇಮದಿಂದ ತಲೆಗೇರಿದ ಮದವುಳ್ಳವರು ಎಂಬುದು ಸೂಫಿಗಳ ಪರಿಭಾಷೆಯಲ್ಲಿ ಗೌರವದ ನಾಮ. ಭಾಷಾಶಾಸ್ತ್ರದ ದೃಷ್ಟಿಯಿಂದ ಪಾರಸಿಯ ಮಸ್ತ್ ಮತ್ತು ಸಂಸ್ಕೃತದ ಮತ್ತ ಒಂದೇ ಪ್ರಾಚೀನ ಧಾತುವಿನಿಂದ ಬಂದ ಒಡಹುಟ್ಟುಗಳು. ಒಂದು ಶಾಸ್ತ್ರದ ದಾರಿಯಿಂದಲೂ ಮತ್ತೊಂದು ಇರಾನದ ದಾರಿಯಿಂದಲೂ ಬಂದು, ಬಹುಕಾಲದ ಅಗಲಿಕೆಯ ಮೇಲೆ ಸಗರನಾಡಿನಲ್ಲಿ ಭೇಟಿಯಾದುವು. ಆದರೆ ಇಂದು ಶಹಾಪುರದ ಹುಡುಗನು "ಊಟ ಮಸ್ತ್ ಆಗ್ಯಾದ" ಎಂದರೆ ಅಲ್ಲಿ ಮದವೂ ಇಲ್ಲ, ದೈವಪ್ರೇಮವೂ ಇಲ್ಲ. ಚೆನ್ನಾಗಿದೆ ಎಂದಷ್ಟೇ ಅರ್ಥ. ಸೊರ್ಕು ಗರ್ವವಾಗಿ ಕೆಳಗಿಳಿಯಿತು, ಮಸ್ತು ಮೆಚ್ಚುಗೆಯಾಗಿ ಮೇಲೇರಿತು.

೬

ಭಾವೋದ್ರೇಕದ ಶಬ್ದಗಳಿಗೂ ಮದದ ಶಬ್ದಗಳಿಗೂ ಈ ಸೀಮೆಯ ನುಡಿಯಲ್ಲಿ ಗಡಿಯಿಲ್ಲ. ಜೋಶ್ ಎಂದರೆ ಪಾರಸಿಯಲ್ಲಿ ಕುದಿತ. ನಮ್ಮ ಉಕ್ಕು ಶಬ್ದವೂ ಅದೇ ಚಿತ್ರವನ್ನು ಕೊಡುತ್ತದೆ. ಲಹರಿ, ಗುಂಗು, ಹುಚ್ಚು, ಮೈಮೇಲೆ ಬರುವುದು, ಮೈಮರೆಯುವುದು ಇವು ಹಾಡಿಗೂ ಭಕ್ತಿಗೂ ಕೋಪಕ್ಕೂ ಕುಡಿತಕ್ಕೂ ಸಮಾನ. ಜನ್ನನ ಯಶೋಧರಚರಿತೆ (೧೨೦೯) ಈ ಸತ್ಯವನ್ನೇ ಕಥೆಯಾಗಿಸಿದೆ. ಅಮೃತಮತಿಯು ಏನನ್ನೂ ಕುಡಿಯಲಿಲ್ಲ. ನಸುಕಿನಲ್ಲಿ ಮಾವುತನ ಹಾಡೊಂದು ಕಿವಿಗೆ ಬಿದ್ದಿತು, ಅಷ್ಟೆ. ರಾಗವೆಂಬ ಒಂದೇ ಶಬ್ದವು ಗಾನ, ಅನುರಾಗ, ಬಂಧಕಾರಣವಾದ ಕಷಾಯ ಈ ಮೂರನ್ನೂ ಹೇಳುವುದನ್ನು ಬಲ್ಲವರಿಗೆ ಆ ಸಂದರ್ಭದ ಭೀಕರತೆ ತಿಳಿಯುತ್ತದೆ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಮೈಮರೆವು ಮತ್ತು ಕಾಯೋತ್ಸರ್ಗ ಹೊರನೋಟಕ್ಕೆ ಒಂದರಂತೆ ತೋರಬಹುದು. ಎರಡರಲ್ಲಿಯೂ ಮೈಯ ಮೇಲಿನ ಲಕ್ಷ್ಯ ತಪ್ಪುತ್ತದೆ. ಆದರೆ ಮೈಮರೆತವನು ಅರಿವನ್ನು ಕಳೆದುಕೊಳ್ಳುತ್ತಾನೆ, ಕಾಯೋತ್ಸರ್ಗದಲ್ಲಿ ನಿಂತವನು ಮಮತ್ವವನ್ನು ಕಳೆದುಕೊಳ್ಳುತ್ತಾನೆ. ಅರಿವು ಅಲ್ಲಿ ಪೂರ್ಣವಾಗಿ ಎಚ್ಚತ್ತಿರುತ್ತದೆ. ಅನ್ಯದರ್ಶನಗಳು ದೈವೋನ್ಮಾದವನ್ನು ಶ್ಲಾಘಿಸಿ ಪಾನದ ರೂಪಕಗಳಲ್ಲಿ ಹಾಡಿದಾಗ ಜೈನಾಚಾರ್ಯರು ಆ ರೂಪಕವನ್ನು ಮೋಹನೀಯಕ್ಕೇ ಮೀಸಲಿಟ್ಟುದು ಈ ಕಾರಣದಿಂದ. ಇದು ಪರನಿಂದೆಯ ಮಾತಲ್ಲ, ಪರಿಭಾಷೆಯ ಭೇದ.

ಇತ್ತೀಚಿನ ನಗೆಮಾತುಗಳನ್ನೂ ಒಂದೆರಡು ಮಾತಿನಲ್ಲಿ ಹೇಳಬೇಕು. ಎಣ್ಣೆ, ಗುಂಡು, ಕಿಕ್ಕು, ಟೈಟು ಇವು ಇಂದಿನ ತರುಣರ ಶಬ್ದಗಳು. ಇವುಗಳ ಜೊತೆಗೆ ಕುಡಿತಕ್ಕೆ 'ತೀರ್ಥ'ವೆಂದೂ, ಕುಡಿದವನಿಗೆ 'ಪರಮಾತ್ಮ ಒಳಗಿಳಿದಿದ್ದಾನೆ' ಎಂದೂ ಹೇಳುವ ರೂಢಿಯುಂಟು. ತೀರ್ಥಂಕರರ ಉಪಾಸಕರಿಗೆ, ಬಹಿರಾತ್ಮ ಅಂತರಾತ್ಮ ಪರಮಾತ್ಮರ ವಿವೇಚನೆಯನ್ನು ಓದಿದವರಿಗೆ ಇದು ಕರ್ಣಕಠೋರವೆನಿಸುವುದು ಸಹಜ. ಆದರೆ ಸಂಶೋಧಕನು ಕೋಪಗೊಳ್ಳುವುದಕ್ಕಿಂತ ಕಾರಣವನ್ನು ನೋಡುವುದು ಲೇಸು. ಮಾಡುವ ಕೆಲಸಕ್ಕೆ ನಾಚಿಕೆಯಿದ್ದಾಗ ಮನುಷ್ಯನು ಅದಕ್ಕೆ ಅನ್ಯರ ಉಡುಪನ್ನು ತೊಡಿಸುತ್ತಾನೆ. ಹೆಸರು ಬದಲಿಸುವ ಈ ಪ್ರವೃತ್ತಿಯೂ ಆ ನಾಚಿಕೆ ಇನ್ನೂ ಉಳಿದಿದೆಯೆಂಬುದಕ್ಕೆ ಸಾಕ್ಷಿ.

೭

ಇಷ್ಟು ವಿಚಾರದಿಂದ ಎರಡು ಸಂಗತಿಗಳನ್ನು ವಿದ್ವಾಂಸರ ಮುಂದಿಡಬಹುದು. ಒಂದನೆಯದು ಗ್ರಂಥಸಂಪಾದನೆಗೆ ಸಂಬಂಧಿಸಿದುದು. ಶ್ರಾವಕಾಚಾರಗಳ ಕನ್ನಡ ಟೀಕೆಗಳಲ್ಲಿಯೂ ಕಥಾಗ್ರಂಥಗಳಲ್ಲಿಯೂ ಬರುವ ಆಡುನುಡಿಯ ರೂಪಗಳನ್ನು ಗ್ರಾಮ್ಯವೆಂದೋ ಲಿಪಿಕಾರದೋಷವೆಂದೋ ತಿದ್ದುವ ಮುನ್ನ, ಆ ಪ್ರತಿ ದೊರೆತ ಸೀಮೆಯ ಮಾತನ್ನು ಒಮ್ಮೆ ಕೇಳಬೇಕು. ತಿದ್ದಲೇಬೇಕಾದಲ್ಲಿ ಮೂಲಪಾಠವನ್ನು ಅಡಿಯಲ್ಲಿ ಕಾಣಿಸಬೇಕು. ಟೀಕಾಕಾರರು ದೇಶ್ಯಶಬ್ದವನ್ನು ಬಳಸಿದುದು ಅಜ್ಞಾನದಿಂದಲ್ಲ, ಕೇಳುವವರ ಹಿತಕ್ಕಾಗಿ.

ಎರಡನೆಯದು ವ್ರತಕ್ಕೆ ಸಂಬಂಧಿಸಿದುದು. ಶಬ್ದವು ಸಂಕುಚಿತವಾದರೆ ವ್ರತವೂ ಸಂಕುಚಿತವಾಗುತ್ತದೆ. ಮದ್ಯವೆಂದರೆ ಸೀಸೆಯಲ್ಲಿರುವ ಪಾನೀಯವೆಂದು ತಿಳಿದವನಿಗೆ ಗಾಂಜಾ ಅಫೀಮುಗಳು ನಿಷೇಧದ ಹೊರಗೆ ನಿಲ್ಲುತ್ತವೆ. ವ್ರತವನ್ನು ಕೊಡುವ ತ್ಯಾಗಿಗಳೂ ಪಾಠ ಹೇಳುವ ಪಂಡಿತರೂ ಮದ್ಯಶಬ್ದವನ್ನು ಉಚ್ಚರಿಸಿದೊಡನೆ ಅದರ ಲಕ್ಷಣವನ್ನು ಆ ಸೀಮೆಯ ನುಡಿಯಲ್ಲಿ ಹೇಳುವುದು ಅಗತ್ಯ. ಕನ್ನಡದಲ್ಲಿ ಗೊಮ್ಮಟಸಾರಕ್ಕೆ ಟೀಕೆಯನ್ನು ೧೩೫೯ರಲ್ಲಿ ಮುಗಿಸಿದ ಕೇಶವವರ್ಣಿಗಳೂ, ಆಡುನುಡಿಗೆ ಹತ್ತಿರವಾದ ಸಾಂಗತ್ಯದಲ್ಲಿ ಭರತೇಶವೈಭವವನ್ನು ಬರೆದ ರತ್ನಾಕರವರ್ಣಿಯೂ ತಮ್ಮ ತಮ್ಮ ರೀತಿಯಲ್ಲಿ ಈ ಕೆಲಸವನ್ನೇ ಮಾಡಿದವರು.

ಆ ತರುಣನಿಗೆ ನಾನು ಅಂದು ಬೇರೆ ಉತ್ತರವನ್ನು ಹೇಳಲಿಲ್ಲ. ಅಜ್ಜಿಯ ಮಾತೇ ಶಾಸ್ತ್ರಸಮ್ಮತವೆಂದು ಹೇಳಿ, ಊರಿಗೆ ಬಂದ ಮೇಲೆ ನನ್ನ ಹಳೆಯ ಪ್ರತಿಯನ್ನು ತೆಗೆದು, ಹೊಡೆದುಹಾಕಿದ್ದ ಸೊಕ್ಕು ಶಬ್ದವನ್ನು ಮೊದಲಿದ್ದ ಸ್ಥಾನದಲ್ಲಿ ಬರೆದಿಟ್ಟಿದ್ದೇನೆ. ಇಲ್ಲಿ ಹೇಳಿದುದರಲ್ಲಿ ದೋಷವಿದ್ದರೆ ಬಲ್ಲವರು ತಿದ್ದಬೇಕೆಂದು ಪ್ರಾರ್ಥನೆ.